ಅರ್ಧಕ್ಕಿಂತ ಹೆಚ್ಚು

ಡುಲೂತ್, ಮಾರ್ಚ್ ತಿಂಗಳು. ಸರೋವರ ಇನ್ನೂ ಬಾಯಿ ಬಿಟ್ಟಿಲ್ಲ.
ನಾಲ್ಕೂವರೆಗೆ ಏಳಬೇಕು ನಾನು, ಶಾಲೆಯ ಬಸ್ಸು
ಬಿಸಿಯಾಗುವುದಕ್ಕೇ ಅರ್ಧ ಗಂಟೆ.
ಆದರೂ ಕೂತಿದ್ದೇನೆ ಅಡುಗೆಮನೆಯ ಮೇಜಿಗೆ,
ಶೂ ಡಬ್ಬಿಯ ತುಂಬ ರಸೀದಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು,
ಎದುರಿಗೆ ಸಣ್ಣಕ್ಷರದಲ್ಲಿ ಸರ್ಕಾರದ ಪ್ರಶ್ನೆ:
ಈ ವ್ಯಕ್ತಿಯ ಪೋಷಣೆಯ ಅರ್ಧಕ್ಕಿಂತ ಹೆಚ್ಚನ್ನು
ನೀವು ಭರಿಸಿದ್ದೀರಾ?

ಈ ವ್ಯಕ್ತಿ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ.
ಆರ್ವೋ ಕಂಗಾಸ್, ಎಂಬತ್ತೊಂದು, ಇಟ್ಟಿಗೆ ಕೆಲಸದವನು.
ಅಜ್ಜಿಯ ಫಿನ್ನಿಶ್ ಮಾತಿನಲ್ಲಿ ಆರ್ವೋ ಅಂದರೆ ಬೆಲೆ.
ಈ ಗುಡ್ಡದ ಮೇಲೆ ಹೊಗೆಯುಗುಳುವ ಚಿಮಣಿಗಳಲ್ಲಿ
ಮೂರರಲ್ಲೊಂದು ತನ್ನದೆನ್ನುತ್ತಾನೆ; ಅಮ್ಮ ಇದ್ದಾಗ
ಐದರಲ್ಲೊಂದು ಅನ್ನುತ್ತಿದ್ದ.

ಅವನ ಕೋಣೆಗೆ ಬಾಡಿಗೆ ಇಷ್ಟಾದೀತೆಂದು ಅಂದಾಜಿಸಬೇಕಂತೆ.
ಅಂದಾಜಿಸಿದೆ, ದೇವರು ಕ್ಷಮಿಸಲಿ.
ರೈ ರೊಟ್ಟಿ, ಕಾಫಿ, ಉಪ್ಪು ಹಚ್ಚಿದ ಹೆರಿಂಗ್ ಮೀನು,
ರಕ್ತ ತೆಳುವಾಗಿಸುವ ಮಾತ್ರೆ,
ಕಿವಿಯ ಯಂತ್ರಕ್ಕೆ ಬಟಾಣಿಯಷ್ಟೇ ಬ್ಯಾಟರಿ, ವಾರಕ್ಕೆರಡು.
ಬ್ಯಾಂಕಿನಲ್ಲಿ ಸುಮ್ಮನೆ ಮಲಗಿದ ಪಿಂಚಣಿ ಲೆಕ್ಕಕ್ಕಿಲ್ಲ,
ಖರ್ಚಾದದ್ದಷ್ಟೇ: ಅವನು ಹಠ ಮಾಡಿ ಕಟ್ಟಿದ ಗ್ಯಾಸ್ ಬಿಲ್ಲು,
ಜನವರಿ, ಫೆಬ್ರವರಿ, ಅಯ್ಯೋ, ಡಿಸೆಂಬರ್ ಕೂಡ.
ಫಾರ್ಗೋದಿಂದ ಡೇಲ್ ತಿಂಗಳಿಗೆ ಕಳಿಸುವ ನೂರು ಡಾಲರು,
ಅದರ ಬೆನ್ನಿಗೇ ಅವನ ಫೋನು: "ನಾನೂ ಕೊಡ್ತೀನಲ್ಲ, ಮಾರ್ಲಿಸ್,
ಈ ವರ್ಷ ಅಪ್ಪ ನನ್ನ ಕಾಗದದಲ್ಲಿರಲಿ."
ಕಾರಿನ ಮುಂದಿನ ಸೀಟಿಗೆ ಹೀಗೇ ಜಗಳಾಡುತ್ತಿದ್ದೆವು.

ಕೂಡಿ, ಕಳೆದು, ಮತ್ತೆ ಕೂಡಿ
ನನ್ನದು ನೂರಕ್ಕೆ ಐವತ್ತೊಂದು.

ಎದ್ದು ಬಂದ. ಉಣ್ಣೆಯ ಕಾಲುಚೀಲ, ಹಲ್ಲು ತೆಗೆದಿಟ್ಟ ಬಾಯಿ.
"ಏನು ಬರೀತಿದ್ದೀಯ?"
"ನಿನ್ನನ್ನ. ತೆರಿಗೆಯಲ್ಲಿ. ಅವಲಂಬಿತ ಅಂತ."
ಹೋಗಿ ಕಿವಿಯ ಯಂತ್ರ ಸಿಕ್ಕಿಸಿಕೊಂಡು ಬಂದು
ಇನ್ನೊಮ್ಮೆ ಹೇಳಿಸಿದ.
"ನನಗೆ ಎಷ್ಟು ಕಟ್ಟಿದ್ದಾರೆ?"
"ಐನೂರು ಡಾಲರು."
"ಟ್ರಕ್ಕಿಗೆ ಆ ಗುಜರಿಯವನು ನಾನೂರೈವತ್ತೇ ಕೊಟ್ಟಿದ್ದು,"
ಎಂದು ಕೂತ, ತುಸು ಬೀಗಿ.

ಆಮೇಲೆ ಕಾಗದ ತನ್ನ ಕಡೆ ತಿರುಗಿಸಿ, ಬೆರಳಿಟ್ಟು ಓದಿದ.
"ಚಿಮಣಿ ಎಲ್ಲಿ?"

ಅಕ್ಟೋಬರಿನಲ್ಲಿ ನಮ್ಮ ಚಿಮಣಿ ವಾಲಿತ್ತು.
ಏಣಿ ಹತ್ತಿದ್ದು ನಾನು, ಗಾರೆ ಕಲೆಸಿದ್ದು ನಾನು,
ಅವನು ಕೆಳಗೆ ಮಡಿಚುವ ಕುರ್ಚಿಯಲ್ಲಿ ಕೂತು ಮೂರು ದಿನ ಬೈದಿದ್ದ.
ತನ್ನ ತೂಗುಗುಂಡು ಕೊಟ್ಟಿದ್ದ ಕೈಗೆ,
ಹಿತ್ತಾಳೆಯದು, ದಾರ ಮಾತ್ರ ಹೊಸದು:
"ಗೋಡೆ ನೋಡಬೇಡ, ಇದನ್ನ ನೋಡು.
ಜೋತು ಬಿದ್ದದ್ದು ಸುಳ್ಳು ಹೇಳಲ್ಲ."

ಮೇಸ್ತ್ರಿಯನ್ನು ಕರೆದಿದ್ದರೆ ಎರಡು ಸಾವಿರ.
ಅದನ್ನು ಅವನ ಕಡೆ ಬರೆದರೆ ಐವತ್ತೊಂದು ಕುಸಿದು ನಲವತ್ತಾರು.
ನಾನು ಹೇಳಲಿಲ್ಲ. ಹೇಳಬೇಕಿರಲಿಲ್ಲ,
ಇಟ್ಟಿಗೆ ಎಣಿಸಿ ಬದುಕಿದವನು.
ಫ್ರಿಜ್ಜು ಒಮ್ಮೆ ಗುರ್ರೆಂದು ಸುಮ್ಮನಾಯಿತು.
ಯಾರ ಕಾಫಿಯ ಋಣವನ್ನೂ ಮರುದಿನದವರೆಗೆ ಉಳಿಸಿಕೊಳ್ಳದವನು
"ಬಿಡು," ಅಂದ. "ಬರೀಬೇಡ.
ಚಿಮಣಿ ನೀನೇ ಕಟ್ಟಿದ್ದು."

ಹೆಸರು ಬರೆದೆ. ಸಂಬಂಧ: ತಂದೆ.
ನಿಮ್ಮೊಂದಿಗೆ ವಾಸಿಸಿದ ತಿಂಗಳು: ಹನ್ನೆರಡು.
ಅವಲಂಬಿತ. ಆ ಪದದ ಹೊಟ್ಟೆಯಲ್ಲೇ ಒಂದು ಲಂಬವಿದೆ,
ಬರೆಯುವಾಗ ಕಂಡಿತು.

ಹೋಗುತ್ತ ಅಭ್ಯಾಸಬಲದಿಂದ ದೀಪ ಆರಿಸಿದ,
ನಾನಿನ್ನೂ ಕೂತಿದ್ದಂತೆಯೇ.
ಕತ್ತಲಲ್ಲಿ ಒಂದು ಕ್ಷಣ ನಿಂತ. ಮತ್ತೆ ಹಾಕಿದ.
"ಕರೆಂಟು ನಿನ್ನ ಲೆಕ್ಕ ಅಲ್ವಾ," ಅಂದ,
"ಉರೀಲಿ."